ಅಜ್ಜಿಯ ಪ್ರಾರ್ಥನೆಯಲ್ಲಿ ಆಚೆಮನೆಯ ಬಾವಿ

ನಮ್ಮ ಮನೆಯಲ್ಲಿ ರಾತ್ರಿ ಏಳೂವರೆ ಎಂದರೆ ಪ್ರಾರ್ಥನೆಯ ಹೊತ್ತು. ಓದುವವರು ಓದು ಬಿಟ್ಟು, ಆಡುವವರು ಆಟ ಬಿಟ್ಟು, ಅಮ್ಮ ಒಲೆಯ ಮೇಲಿನ ಪಾತ್ರೆ ಕೆಳಗಿಳಿಸಿ, ಎಲ್ಲರೂ ಚಾವಡಿಗೆ ಬರಬೇಕು. ಚಾಪೆ ಹಾಸುವುದು ನನ್ನ ಕೆಲಸ. ಸತ್ಯವೇದ ತಂದಿಡುವುದು ಅಕ್ಕನ ಕೆಲಸ. ಅಪ್ಪ ಒಂದು ಅಧ್ಯಾಯ ಓದುತ್ತಿದ್ದರು, ಅಮ್ಮ ಒಂದು ಗೀತೆ ಎತ್ತುತ್ತಿದ್ದರು. ಕೊನೆಗೆ ಅಜ್ಜಿಯ ಪ್ರಾರ್ಥನೆ. ಅದು ಯಾವಾಗ ಮುಗಿಯುತ್ತದೆ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ದೇವರೊಡನೆ ಮಾತ್ರ ಕನ್ನಡ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದ ನಮ್ಮ ಕಡೆಯ ಅನೇಕ ಮನೆಗಳಲ್ಲಿ ಇದೇ ರೂಢಿ. ಅಂಗಳದಲ್ಲಿ ತುಳು, ದೇವಾಲಯದಲ್ಲಿ ಕನ್ನಡ. ದೇವರಿಗೆ ತುಳು ಬರುವುದಿಲ್ಲವೆಂದೇ ನಾನು ಬಹಳ ಕಾಲ ನಂಬಿದ್ದೆ. ಆದರೆ ಅಜ್ಜಿ ಪ್ರಾರ್ಥನೆಯ ನಡುವೆ ಒಂದು ಜಾಗಕ್ಕೆ ಬಂದಾಗ ಕನ್ನಡ ಬಿಟ್ಟು ತುಳುವಿಗೆ ಜಾರುತ್ತಿದ್ದರು. ಆ ಜಾಗ ಯಾವುದೆಂದು ಮನೆಯವರಿಗೆಲ್ಲ ಗೊತ್ತಿತ್ತು. ಅದಕ್ಕೆ ಬರುವ ಹೊತ್ತಿಗೆ ಅಪ್ಪನ ದವಡೆ ಬಿಗಿಯುತ್ತಿತ್ತು.

ಅಜ್ಜಿಯ ಪಟ್ಟಿ ಹೀಗಿತ್ತು: ಮೊದಲು ಹಿರಿಯ ಮಗ, ಅಂದರೆ ಅಪ್ಪ, ಆಮೇಲೆ ಅಮ್ಮ, ಅಕ್ಕ, ನಾನು. ಆಮೇಲೆ ಕಿರಿಯ ಮಗ, ಅಂದರೆ ಚಿಕ್ಕಪ್ಪ. ಚಿಕ್ಕಮ್ಮ, ಅವರ ಮೂವರು ಮಕ್ಕಳು. ನಮ್ಮ ಹಸು, ಅವರ ಹಸು. ಕೊನೆಗೆ, 'ಇವರಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರೆಂಬುದನ್ನು ನೆನಪಿಸು, ಕರ್ತನೇ' ಎಂಬ ಮಾತು. ಇದು ತುಳುವಿನಲ್ಲಿ.

ಅಪ್ಪ ಕೆಲವು ಸಲ ಅಲ್ಲಿಗೇ ಗಟ್ಟಿಯಾಗಿ 'ಆಮೆನ್' ಎಂದುಬಿಡುತ್ತಿದ್ದರು. ನಾವೂ ಮಕ್ಕಳು 'ಆಮೆನ್' ಎಂದು ಎದ್ದು ಓಡಲು ನೋಡುತ್ತಿದ್ದೆವು. ಅಜ್ಜಿ ಕಣ್ಣು ತೆರೆಯದೆ, 'ಇನ್ನೂ ಆಗಿಲ್ಲ' ಎಂದು ಮುಂದುವರಿಸುತ್ತಿದ್ದರು.

ಜಗಳ ಶುರುವಾದದ್ದು 1985ರಲ್ಲಿ, ಒಂದು ಹಲಸಿನ ಮರದಿಂದ. ಅಜ್ಜ ಹೆಂಚಿನ ಕಾರ್ಖಾನೆಯಲ್ಲಿ ದುಡಿದು ಮಾಡಿದ ಜಾಗ ಅದು. ಅಜ್ಜ ತೀರಿಕೊಂಡ ಮೇಲೆ ಪಾಲಾಯಿತು. ಅಪ್ಪನಿಗೆ ಹಳೆಯ ಮನೆ ಮತ್ತು ಬಾವಿ, ಚಿಕ್ಕಪ್ಪನಿಗೆ ಪಕ್ಕದ ಜಾಗ ಮತ್ತು ಹೊಸ ಮನೆ ಕಟ್ಟಲು ಒಂದಿಷ್ಟು ಹಣ. ಹಲಸಿನ ಮರ ನಿಂತದ್ದು ಸರಿಯಾಗಿ ಗಡಿಯಲ್ಲಿ. ಒಂದು ಸಂಜೆ ಅಪ್ಪ ಕೆಲಸದಿಂದ ಬರುವಾಗ ಮರ ಇರಲಿಲ್ಲ; ಬುಡ ಮಾತ್ರ ಇತ್ತು. ಚಿಕ್ಕಪ್ಪ ತನ್ನ ಮನೆಯ ಬಾಗಿಲು, ದಾರಂದಕ್ಕೆಂದು ಕಡಿಸಿದ್ದರು. ಆ ದಿನ ಅಂಗಳದಲ್ಲಿ ಆದ ಮಾತುಗಳಲ್ಲಿ ಮರದ ವಿಷಯ ಐದು ನಿಮಿಷವೂ ಇರಲಿಲ್ಲ. ಅಜ್ಜನ ಔಷಧಿಗೆ ಯಾರು ಹಣ ಹಾಕಿದರು, ಯಾರ ಹೆಂಡತಿ ಯಾರಿಗೆ ಊಟ ಬಡಿಸಲಿಲ್ಲ, ಯಾರನ್ನು ಓದಿಸಲಾಯಿತು, ಯಾರನ್ನು ಓದಿಸಲಿಲ್ಲ - ಇದೇ ಎಲ್ಲ. ನನಗೆ ಆಗ ಎಂಟು ವರ್ಷ. ಮರ ಕಡಿದದ್ದರಿಂದ ಇಷ್ಟೆಲ್ಲ ಹಳೆಯ ಸಂಗತಿಗಳು ಹೇಗೆ ಹೊರಗೆ ಬಂದವೆಂದು ನನಗೆ ಅರ್ಥವಾಗಲಿಲ್ಲ. ಈಗ ಅರ್ಥವಾಗುತ್ತದೆ. ಮರ ಒಂದು ನೆಪ. ಅದಿಲ್ಲದಿದ್ದರೆ ಒಂದು ತೆಂಗಿನಕಾಯಿ ಸಾಕಾಗುತ್ತಿತ್ತು.

ಅಪ್ಪ ಕೋರ್ಟಿನಲ್ಲಿ ದಾವೆ ಹಾಕಿದರು. ಮರುವರ್ಷ ಗಡಿಗೆ ಕೆಂಪುಕಲ್ಲಿನ ಗೋಡೆ ಎದ್ದಿತು. ಅಲ್ಲಿಯವರೆಗೆ ಬೇಲಿಯ ಸಂದಿನಿಂದ ನುಸುಳಿ ಚಿಕ್ಕಪ್ಪನ ಮನೆಗೆ ಹೋಗುತ್ತಿದ್ದ ಅಜ್ಜಿ, ಗೋಡೆ ಬಂದ ಮೇಲೆ ಗೇಟು ದಾಟಿ, ರಸ್ತೆಗೆ ಇಳಿದು, ತಿರುವು ಸುತ್ತಿ ಆಚೆಮನೆಗೆ ಹೋಗಬೇಕಾಯಿತು. ಎಪ್ಪತ್ತು ದಾಟಿದ ಮುದುಕಿ, ಮಳೆಗಾಲದಲ್ಲೂ ಕೊಡೆ ಹಿಡಿದುಕೊಂಡು ದಿನಕ್ಕೊಂದು ಸಲ ಹೋಗಿಯೇ ಹೋಗುತ್ತಿದ್ದರು. 'ಇಷ್ಟು ಸುತ್ತಿ ಯಾಕೆ ಹೋಗುತ್ತೀರಿ ಅತ್ತೆ' ಎಂದು ಅಮ್ಮ ಕೇಳಿದರೆ, 'ಕಾಲು ನನ್ನದಲ್ಲವಾ' ಎನ್ನುತ್ತಿದ್ದರು. ಆಚೆಮನೆಯಲ್ಲೂ ಪ್ರಾರ್ಥನೆ ಮಾಡಿ ಬರುತ್ತಿದ್ದರಂತೆ. ಅಲ್ಲಿ ಪಟ್ಟಿಯಲ್ಲಿ ಚಿಕ್ಕಪ್ಪ ಮೊದಲು, ಅಪ್ಪ ಆಮೇಲೆ.

ಆ ದಿನಗಳಲ್ಲಿ ನನ್ನ ಮನಸ್ಸಿಗೆ ನಾಟಿದ ಇನ್ನೊಂದು ಸಂಗತಿ ಇದೆ. ನಮ್ಮ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಯೇಸು ತನ್ನ ಕೊನೆಯ ರಾತ್ರಿ ಶಿಷ್ಯರಿಗೆ ರೊಟ್ಟಿ ಮತ್ತು ದ್ರಾಕ್ಷಾರಸ ಕೊಟ್ಟದ್ದನ್ನು ನೆನೆದು ದೊಡ್ಡವರೆಲ್ಲ ಎದ್ದು ಮುಂದೆ ಹೋಗಿ ಮೊಣಕಾಲೂರುತ್ತಾರೆ. 1985ರ ಆ ಮಳೆಗಾಲದ ನಂತರ ಅಪ್ಪ ಏಳುವುದನ್ನು ನಿಲ್ಲಿಸಿದರು. ಇಡೀ ಬೆಂಚು ಖಾಲಿಯಾಗಿ, ನಾವು ಮಕ್ಕಳು ಮತ್ತು ಅಪ್ಪ ಮಾತ್ರ ಕೂತಿರುತ್ತಿದ್ದೆವು. ನಾನೊಮ್ಮೆ ಯಾಕೆಂದು ಕೇಳಿದೆ. ಅಪ್ಪ ಸತ್ಯವೇದದಲ್ಲಿ ಮತ್ತಾಯನ ಐದನೆಯ ಅಧ್ಯಾಯ ತೆಗೆದು ಬೆರಳಿಟ್ಟು ತೋರಿಸಿದರು. ಕಾಣಿಕೆ ತಂದವನಿಗೆ ತನ್ನ ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಿ ಬರಬೇಕೆಂದು ಯೇಸು ಹೇಳಿದ ಭಾಗ. 'ಹಾಗಾದರೆ ಹೋಗಿ ಅಪ್ಪಾ' ಎಂದೆ. ಅಪ್ಪ ಪುಸ್ತಕ ಮುಚ್ಚಿದರು.

ಸುಳ್ಳು ಮನಸ್ಸಿನಿಂದ ರೊಟ್ಟಿಗೆ ಕೈ ಒಡ್ಡದ ಅಪ್ಪನ ಮೇಲೆ ನನಗೆ ಇಂದಿಗೂ ಗೌರವ ಇದೆ. ಚಿಕ್ಕಪ್ಪ ಪ್ರತಿ ತಿಂಗಳೂ ಎದ್ದು ಹೋಗುತ್ತಿದ್ದರು. ಅವರಿಗೆ ಮನಸ್ಸು ಚುಚ್ಚುತ್ತಿರಲಿಲ್ಲ ಎಂದು ಆಗ ತಿಳಿದಿದ್ದೆ. ಅದು ನನ್ನ ತಪ್ಪು ಲೆಕ್ಕ.

ಇನ್ನು ನನ್ನ ಪಾಲಿನ ಜಗಳ. ಚಿಕ್ಕಪ್ಪನ ದೊಡ್ಡ ಮಗ ಮತ್ತು ನಾನು ಒಂದೇ ತರಗತಿ. ಮೊದಲು ಒಂದೇ ಕೊಡೆಯಲ್ಲಿ ಶಾಲೆಗೆ ಹೋಗುತ್ತಿದ್ದವರು, ಆಮೇಲೆ ರಸ್ತೆಯ ಈ ಬದಿ ಒಬ್ಬ, ಆ ಬದಿ ಒಬ್ಬ. ನಾವು ಮಾತಾಡಬಾರದೆಂದು ಯಾರೂ ಹೇಳಿರಲಿಲ್ಲ. ಹೇಳದೆಯೇ ಕಲಿತಿದ್ದೆವು. ಐದನೆಯ ತರಗತಿಯಲ್ಲಿರುವಾಗ ಒಂದು ಬೆಳಿಗ್ಗೆ ಅವನ ಲೆಕ್ಕದ ಪುಸ್ತಕ ಚೀಲದಿಂದ ಜಾರಿ ತಿರುವಿನಲ್ಲಿ ಬಿದ್ದದ್ದನ್ನು ಕಂಡೆ. ಅವನು ಮುಂದೆ ಹೋಗಿದ್ದ. ನಾನು ಅದನ್ನೆತ್ತಿ, ಸುತ್ತ ನೋಡಿ, ನೀರು ತುಂಬಿದ ಗದ್ದೆಗೆ ಎಸೆದೆ. ತರಗತಿಯಲ್ಲಿ ಮಾಸ್ಟ್ರು ಮನೆಪಾಠ ಕೇಳಿದರು. 'ಪುಸ್ತಕ ಕಾಣೆಯಾಗಿದೆ' ಎಂದ. ಎರಡೂ ಅಂಗೈಗೆ ನಾಲ್ಕು ನಾಲ್ಕು ಏಟು ಬಿತ್ತು. ಅವನು ಅಳಲಿಲ್ಲ. ನನ್ನ ಕಡೆ ಒಮ್ಮೆ ನೋಡಿ ಕೂತ.

ಆ ರಾತ್ರಿ ಪ್ರಾರ್ಥನೆಯಲ್ಲಿ ಅಜ್ಜಿ ಅವನ ಹೆಸರು ಹೇಳಿದಾಗ ನಾನು ಚಾಪೆಯ ಎಳೆ ಕೀಳುತ್ತಾ ಕೂತಿದ್ದೆ. ನಿದ್ದೆ ಬರದೆ ಅಜ್ಜಿಯ ಪಕ್ಕ ಹೋಗಿ ಮಲಗಿದೆ. ಏನಾಯಿತೆಂದು ಅಜ್ಜಿ ಕೇಳಲಿಲ್ಲ. 'ಕಥೆ ಹೇಳಲಾ' ಎಂದು ಯಾಕೋಬನ ಕಥೆ ಶುರುಮಾಡಿದರು. ಅಜ್ಜಿಗೆ ಅದು ಬಹಳ ಇಷ್ಟದ ಕಥೆ. ಆದಿಕಾಂಡದಲ್ಲಿದೆ, ಗೊತ್ತಿಲ್ಲದವರಿಗಾಗಿ ಚಿಕ್ಕದಾಗಿ ಹೇಳುತ್ತೇನೆ.

ಏಸಾವ, ಯಾಕೋಬ ಅವಳಿಗಳು. ಯಾಕೋಬ ಹಸಿದ ಅಣ್ಣನಿಗೆ ಒಂದು ಬಟ್ಟಲು ಅಲಸಂದೆಯಂಥ ಕಾಳಿನ ಸಾರು ಕೊಟ್ಟು ಹಿರಿತನದ ಹಕ್ಕು ಕೊಂಡುಕೊಂಡ. (ಕಾಳು ನಿಜವಾಗಿ ಮಸೂರ. ಅಜ್ಜಿ ನಮಗೆ ರುಚಿ ತಿಳಿಯಲೆಂದು ಅಲಸಂದೆ ಮಾಡಿದ್ದರು.) ಆಮೇಲೆ ಕಣ್ಣು ಮಂಜಾದ ಅಪ್ಪನ ಮುಂದೆ ಮೇಕೆಮರಿಯ ಚರ್ಮ ಕೈಗೆ ಸುತ್ತಿಕೊಂಡು, ತಾನೇ ಏಸಾವನೆಂದು ಸುಳ್ಳು ಹೇಳಿ, ಅಣ್ಣನಿಗೆ ಸಲ್ಲಬೇಕಾದ ಆಶೀರ್ವಾದ ಪಡೆದ. ಏಸಾವ ಕೊಲ್ಲುತ್ತೇನೆಂದ. ಯಾಕೋಬ ಹಾರಾನ್ ಊರಿಗೆ, ಸೋದರಮಾವನ ಮನೆಗೆ ಓಡಿಹೋದ. ಇಪ್ಪತ್ತು ವರ್ಷ ಅಲ್ಲೇ ದುಡಿದ. ಅವನಿಗೆ ಅಲ್ಲಿ ಮೋಸಮಾಡುವ ಮಾವ ಸಿಕ್ಕಿದ ಎಂದು ಹೇಳುವಾಗ ಅಜ್ಜಿಗೆ ಸ್ವಲ್ಪ ಖುಷಿಯೂ ಆಗುತ್ತಿತ್ತು.

ಕೊನೆಗೆ ಊರಿಗೆ ಹೊರಟ. ಏಸಾವ 400 ಜನರೊಂದಿಗೆ ಎದುರು ಬರುತ್ತಿದ್ದಾನೆ ಎಂಬ ಸುದ್ದಿ ಬಂತು. ಯಾಕೋಬ ಮೂರು ಕೆಲಸ ಮಾಡಿದ. ಪ್ರಾರ್ಥಿಸಿದ. ಅಣ್ಣನಿಗೆ ಕಾಣಿಕೆ ಕಳುಹಿಸಿದ: 200 ಆಡು, 20 ಹೋತ, 200 ಕುರಿ, 20 ಟಗರು, ಮರಿಗಳ ಸಮೇತ 30 ಹಾಲುಕರೆಯುವ ಒಂಟೆ, 40 ಆಕಳು, 10 ಹೋರಿ, 20 ಹೆಣ್ಣು ಕತ್ತೆ, 10 ಗಂಡು ಕತ್ತೆ. ಒಂಟೆಮರಿ ಬಿಟ್ಟು ಒಟ್ಟು ಎಷ್ಟೆಂದು ಅಜ್ಜಿ ಲೆಕ್ಕ ಕೇಳುತ್ತಿದ್ದರು. ನೀವೂ ಮಾಡಿ ನೋಡಿ, 550 ಬರಬೇಕು. ಮೂರನೆಯದಾಗಿ, ಎಲ್ಲರನ್ನೂ ಯಬ್ಬೋಕ್ ಹೊಳೆ ದಾಟಿಸಿ ತಾನೊಬ್ಬನೇ ಉಳಿದ. ಅಲ್ಲಿ ಯಾರೋ ಒಬ್ಬ ಬಂದು ಬೆಳಗಾಗುವವರೆಗೂ ಅವನೊಡನೆ ಕುಸ್ತಿಯಾಡಿದ. ತೊಡೆಯ ಕೀಲು ತಪ್ಪಿದರೂ ಯಾಕೋಬ ಹಿಡಿತ ಬಿಡಲಿಲ್ಲ; ಆಶೀರ್ವದಿಸದೆ ಹೋಗಬಿಡೆನೆಂದು ಹಟ ಹಿಡಿದ. ತಾನು ಹಿಡಿದದ್ದು ದೇವರನ್ನೇ ಎಂದು ಅವನಿಗೆ ಆಮೇಲೆ ತಿಳಿಯಿತು.

ಬೆಳಗಾದ ಮೇಲೆ ಕುಂಟುತ್ತಾ ಅಣ್ಣನ ಎದುರು ಹೋಗಿ ಏಳು ಸಲ ನೆಲಕ್ಕೆ ಬಗ್ಗಿದ. ಏಸಾವ ಓಡಿಬಂದು ಕುತ್ತಿಗೆ ತಬ್ಬಿಕೊಂಡ. ಇಬ್ಬರೂ ಅತ್ತರು.

'ಹಾಗಾದರೆ ಅಪ್ಪನೂ ಕುಸ್ತಿ ಮಾಡಬೇಕಾ ಅಜ್ಜಿ' ಎಂದು ಕೇಳಿದೆ. 'ಮಾಡುತ್ತಾ ಇದ್ದಾನೆ, ಮಗಾ. ನೀನೂ ಮಾಡುತ್ತಾ ಇದ್ದೀ. ಮಲಗು' ಎಂದರು.

ಈ ಕಥೆಯ ಕೊನೆಯನ್ನು ಹೆಚ್ಚಿನವರು ಹೇಳುವುದಿಲ್ಲ. ತಬ್ಬಿಕೊಂಡ ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಇರಲಿಲ್ಲ. ಏಸಾವ ಸೇಯೀರಿಗೆ ಹೋದ. ಹಿಂದೆಯೇ ಬರುತ್ತೇನೆಂದು ಹೇಳಿದ ಯಾಕೋಬ ಸುಕ್ಕೋತಿಗೆ ಹೋಗಿ ಅಲ್ಲಿ ಮನೆ ಕಟ್ಟಿಕೊಂಡ. ಆದರೆ ಅಪ್ಪ ಇಸಾಕ ತೀರಿಕೊಂಡಾಗ ಇಬ್ಬರೂ ಕೂಡಿ ಮಣ್ಣುಮಾಡಿದರು. ರಾಜಿ ಎಂದರೆ ಮತ್ತೆ ಹಳೆಯ ಹಾಗೆಯೇ ಆಗುವುದೆಂದು ತಿಳಿದವರು ಈ ಭಾಗ ಓದಬೇಕು.

ಚಿಕ್ಕಪ್ಪ ತನ್ನ ಜಾಗದಲ್ಲಿ ಬಾವಿ ತೋಡಿಸಿದ್ದರು. ಇಪ್ಪತ್ತೈದು ಅಡಿಗೆ ಬಂಡೆ ಸಿಕ್ಕಿತು. ಮಳೆಗಾಲದಲ್ಲಿ ತುಂಬುತ್ತಿತ್ತು, ಮಾರ್ಚ್ ಕಳೆಯುವಾಗ ತಳ ಕಾಣುತ್ತಿತ್ತು. ನಮ್ಮ ಬಾವಿಯಲ್ಲಿ ಮೇ ತಿಂಗಳಲ್ಲೂ ಆಳೆತ್ತರ ನೀರು. ಚಿಕ್ಕಮ್ಮ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ರಸ್ತೆಯ ನಳ್ಳಿಯಿಂದ ನೀರು ತರುವುದನ್ನು ನಾವು ಗೇಟಿನಿಂದ ನೋಡುತ್ತಿದ್ದೆವು. ಅಜ್ಜಿಯ ಪಟ್ಟಿಗೆ ಆಗ ಹೊಸದೊಂದು ಸೇರಿತು: 'ಆ ಮನೆಯ ಬಾವಿಗೆ ನೀರು ಕೊಡು, ಕರ್ತನೇ. ಕಲ್ಲಿನಿಂದ ನೀರು ತೆಗೆದವನು ನೀನು.'

ಒಂದು ರಾತ್ರಿ ಅಪ್ಪನಿಗೆ ತಡೆಯಲಾಗಲಿಲ್ಲ.

'ಅಮ್ಮಾ, ನೀನು ಇದನ್ನು ದೇವರಿಗೆ ಹೇಳುವುದಲ್ಲ. ನನಗೆ ಕೇಳಿಸಲಿಕ್ಕೆ ಹೇಳುವುದು.'

'ನಿನಗೆ ಕೇಳಿಸಿದರೆ ನಾನೇನು ಮಾಡಲಿ? ನಿನ್ನ ಕಿವಿ ಇರುವುದು ಅಲ್ಲೇ ಅಲ್ಲವಾ' ಎಂದರು ಅಜ್ಜಿ.

ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಒಬ್ಬ ವಿಧವೆಯ ಕಥೆ ಇದೆ. ಊರಿನ ನ್ಯಾಯಾಧಿಪತಿಗೆ ದೇವರ ಭಯವೂ ಇಲ್ಲ, ಜನರ ಲಕ್ಷ್ಯವೂ ಇಲ್ಲ. ವಿಧವೆ ನ್ಯಾಯ ಕೇಳಿಕೊಂಡು ಮತ್ತೆ ಮತ್ತೆ ಬರುತ್ತಾಳೆ. ಇವಳ ಕಾಟ ತಡೆಯಲಾರದೆ ಅವನು ಕೊನೆಗೆ ನ್ಯಾಯ ತೀರಿಸುತ್ತಾನೆ. ಬೇಸರಪಡದೆ ಪ್ರಾರ್ಥಿಸಬೇಕೆಂದು ಕಲಿಸಲು ಯೇಸು ಈ ಕಥೆ ಹೇಳಿದ. ಇದನ್ನು ಕೇಳಿ, ದೇವರು ಆ ನ್ಯಾಯಾಧಿಪತಿಯಂತೆ, ಬಾಗಿಲು ಬಡಿದು ಬಡಿದು ಅವನನ್ನು ದಣಿಸಬೇಕು ಎಂದು ಮಕ್ಕಳು ತಿಳಿಯುವುದುಂಟು. ನಾನು ಈಗ ಸಂಡೇ ಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ಪ್ರತಿ ವರ್ಷ ಯಾರಾದರೊಬ್ಬರು ಹಾಗೆ ಕೇಳುತ್ತಾರೆ. ಕಥೆ ಹೇಳುವುದು ಅದರ ತಿರುಗುಮುರುಗು. ಅಂಥ ಕೆಟ್ಟ ನ್ಯಾಯಾಧಿಪತಿಯೇ ಕೇಳಿದನೆಂದರೆ, ಒಳ್ಳೆಯ ದೇವರು ಕೇಳದೆ ಇರುವನೇ ಎಂದು. ನಮ್ಮ ಮನೆಯಲ್ಲಂತೂ ನ್ಯಾಯಾಧಿಪತಿಯ ಜಾಗದಲ್ಲಿ ಕೂತಿದ್ದದ್ದು ದೇವರಲ್ಲ, ಅಪ್ಪ.

ಇಷ್ಟು ವರ್ಷ ಕೇಳಿದರೂ ಯಾಕೆ ಆಗುವುದಿಲ್ಲ ಎಂಬ ಪ್ರಶ್ನೆಗೆ ನನಗೆ ಸ್ವಲ್ಪ ಬೆಳಕು ಸಿಕ್ಕಿದ್ದು ಕಾಲೇಜಿನಲ್ಲಿ, ಮೋನಿಕಳ ವಿಷಯ ಓದಿದಾಗ. ಆಕೆ ಉತ್ತರ ಆಫ್ರಿಕದ ಹೆಂಗಸು. ಈಗಿನ ಅಲ್ಜೀರಿಯದ ತಗಾಸ್ತೆ ಎಂಬ ಊರಿನವಳು. ಮಗ ಅಗಸ್ಟೀನ್ ಹುಟ್ಟಿದ್ದು 354ರಲ್ಲಿ. ಬಹಳ ಬುದ್ಧಿವಂತ. ಆದರೆ ತಾಯಿಯ ನಂಬಿಕೆ ಬಿಟ್ಟು ಮಾನಿಯ ಪಂಥಕ್ಕೆ ಸೇರಿದ. ತಾಯಿ ವರ್ಷಗಟ್ಟಲೆ ಅತ್ತು ಪ್ರಾರ್ಥಿಸಿದಳು. ಒಬ್ಬ ಬಿಷಪ್ಪರ ಬಳಿ ಹೋಗಿ, ಮಗನಿಗೆ ಬುದ್ಧಿ ಹೇಳಿ ಎಂದು ಬೆನ್ನುಬಿದ್ದಳು. ಅವರು ಮೊದಲು ಒಪ್ಪಲಿಲ್ಲ, ಸುಮ್ಮನೆ ಪ್ರಾರ್ಥನೆ ಮಾಡು ಎಂದರು. ಅವಳು ಬಿಡದಿದ್ದಾಗ ಕೊಂಚ ಬೇಸತ್ತೇ, ಇಷ್ಟು ಕಣ್ಣೀರಿನ ಮಗ ಹಾಳಾಗಲಾರ, ಹೋಗಮ್ಮ ಎಂದು ಕಳುಹಿಸಿದರಂತೆ. ದೊಡ್ಡವರಿಗೂ ಬೇಸರ ಬರುತ್ತದೆ ಎಂಬುದು ಸಮಾಧಾನದ ಸಂಗತಿ.

383ರಲ್ಲಿ ಅಗಸ್ಟೀನ್ ರೋಮಿಗೆ ಹೊರಟಾಗ ಮೋನಿಕ ಬೇಡವೆಂದು ಕಾರ್ತೇಜಿನ ಕಡಲತಡಿಯವರೆಗೆ ಬಂದು ಹಿಡಿದುಕೊಂಡಳು. ಗೆಳೆಯನನ್ನು ಬೀಳ್ಕೊಡಲು ಬಂದಿದ್ದೇನೆಂದು ಮಗ ಸುಳ್ಳು ಹೇಳಿದ. ಅವಳು ಹತ್ತಿರದ ಗುಡಿಯಲ್ಲಿ ರಾತ್ರಿಯಿಡೀ, ಮಗ ಹೋಗದಿರಲಿ ಎಂದು ಪ್ರಾರ್ಥಿಸಿದಳು. ಬೆಳಗಾಗುವಾಗ ಹಡಗು ಹೋಗಿಯಾಗಿತ್ತು. ಆದರೆ ಅವನು ಇಟಲಿಗೆ ಹೋದದ್ದರಿಂದಲೇ ಮಿಲಾನಿನಲ್ಲಿ ಬಿಷಪ್ ಆಂಬ್ರೋಸರ ಮಾತು ಕೇಳುವಂತಾಯಿತು. ತಾಯಿಯೂ ಹಿಂದಿನಿಂದ ಅಲ್ಲಿಗೆ ಬಂದಳು. 387ರ ಈಸ್ಟರ್ ಹಬ್ಬದಲ್ಲಿ ಅವನ ದೀಕ್ಷಾಸ್ನಾನವಾಯಿತು. ಅದೇ ವರ್ಷ ಊರಿಗೆ ಮರಳುವ ದಾರಿಯಲ್ಲಿ, ಓಸ್ಟಿಯ ಬಂದರಿನಲ್ಲಿ, ಮೋನಿಕ ತೀರಿಕೊಂಡಳು. ಆ ರಾತ್ರಿ ಅವಳು ಕೇಳಿದ್ದು ಸಿಗಲಿಲ್ಲ, ಅವಳಿಗೆ ಬೇಕಾಗಿದ್ದದ್ದು ಸಿಕ್ಕಿತು ಎಂಬ ಅರ್ಥದಲ್ಲಿ ಅಗಸ್ಟೀನನೇ ಆಮೇಲೆ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಆಚೆಮನೆಯ ಬಾವಿಗೂ ನೀರು ಬರಲಿಲ್ಲ. ಬಂಡೆ ಬಂಡೆಯಾಗಿಯೇ ಉಳಿಯಿತು.

1993ರ ಮೇ. ಒಂದು ಬೆಳಿಗ್ಗೆ ಐದು ಗಂಟೆಗೆ ಪಂಪಿನ ಸದ್ದಿಗೆ ನನಗೆ ಎಚ್ಚರವಾಯಿತು. ಅಷ್ಟು ಬೇಗ ತೋಟಕ್ಕೆ ನೀರು ಬಿಡುವ ರೂಢಿ ಇರಲಿಲ್ಲ. ಹೊರಗೆ ಬಂದು ನೋಡಿದರೆ, ಅಪ್ಪ ಲುಂಗಿ ಎತ್ತಿಕಟ್ಟಿಕೊಂಡು ಗೋಡೆಯ ಬಳಿ ನಿಂತಿದ್ದರು. ಕಪ್ಪು ಪೈಪು ನಮ್ಮ ಬಾವಿಯಿಂದ ಹೊರಟು, ಗೋಡೆಯ ಮೇಲೆ ಹತ್ತಿ, ಆಚೆಮನೆಯ ಸಿಮೆಂಟು ತೊಟ್ಟಿಗೆ ಇಳಿದಿತ್ತು. ನನ್ನನ್ನು ನೋಡಿ, 'ಅಲ್ಲಿ ಹಸು ಇದೆಯಲ್ಲ. ಹಸು ಏನು ಮಾಡಿತ್ತು' ಎಂದರು. ನಾನು ಏನೂ ಕೇಳಿರಲಿಲ್ಲ.

ಸಂಜೆ ನೋಡುವಾಗ ಪೈಪಿನ ತುದಿ ಜಾರದ ಹಾಗೆ ಆಚೆ ಕಡೆಯಿಂದ ಯಾರೋ ತಂತಿಯಿಂದ ಬಿಗಿದಿದ್ದರು. ಮಾತಿಲ್ಲ, ಕಥೆಯಿಲ್ಲ. ಮಳೆ ಬರುವವರೆಗೆ ದಿನಾ ಬೆಳಿಗ್ಗೆ ಐದಕ್ಕೆ ಪಂಪು ಓಡಿತು. ಆ ರಾತ್ರಿ ಅಜ್ಜಿ ಬಾವಿಯ ಪ್ರಾರ್ಥನೆ ಬಿಟ್ಟರು, ಅಣ್ಣತಮ್ಮಂದಿರದ್ದು ಬಿಡಲಿಲ್ಲ.

ಮನಸ್ಸು ಬಾರದೆ ಕೈ ಮಾತ್ರ ಮುಂದೆ ಹೋಗುವುದು ಕಪಟ ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಹಾಲೆಂಡಿನ ಹಾರ್ಲೆಮ್ ಎಂಬ ಊರಿನಲ್ಲಿ ಗಡಿಯಾರ ರಿಪೇರಿ ಮಾಡುವ ಒಂದು ಮನೆತನ ಇತ್ತು. ಎರಡನೆಯ ಮಹಾಯುದ್ಧದಲ್ಲಿ ಆ ಮನೆಯವರು ಯೆಹೂದ್ಯರನ್ನು ಬಚ್ಚಿಟ್ಟು ಕಾಪಾಡಿದರು. 1944ರ ಫೆಬ್ರವರಿಯಲ್ಲಿ ಸಿಕ್ಕಿಬಿದ್ದರು. ಮುದುಕ ತಂದೆ ಕಾಸ್ಪರ್ ಟೆನ್ ಬೂಮ್ ಹತ್ತು ದಿನಗಳಲ್ಲೇ ಸೆರೆಯಲ್ಲಿ ತೀರಿಕೊಂಡರು. ಮಗಳಂದಿರಾದ ಬೆಟ್ಸಿ ಮತ್ತು ಕೋರಿಯನ್ನು ಜರ್ಮನಿಯ ರಾವೆನ್ಸ್‌ಬ್ರೂಕ್ ಶಿಬಿರಕ್ಕೆ ಒಯ್ದರು. ಡಿಸೆಂಬರಿನಲ್ಲಿ ಬೆಟ್ಸಿ ಅಲ್ಲೇ ಸತ್ತಳು. ಕೆಲವೇ ದಿನಗಳಲ್ಲಿ ಕೋರಿಗೆ ಬಿಡುಗಡೆಯಾಯಿತು. ಕಚೇರಿಯ ತಪ್ಪಿನಿಂದ ಆದದ್ದೆಂದು ಆಕೆಗೆ ಆಮೇಲೆ ತಿಳಿಯಿತು.

1947ರಲ್ಲಿ ಕೋರಿ ಮ್ಯೂನಿಕ್ ನಗರದ ಒಂದು ಚರ್ಚಿನಲ್ಲಿ ಕ್ಷಮೆಯ ವಿಷಯ ಮಾತಾಡಿದಳು. ಮುಗಿದ ಮೇಲೆ ಒಬ್ಬ ಮನುಷ್ಯ ಎದುರು ಬಂದು ಕೈ ಚಾಚಿದ. ರಾವೆನ್ಸ್‌ಬ್ರೂಕಿನ ಕಾವಲುಗಾರ. ಅವನು ಇವಳನ್ನು ಗುರುತಿಸಲಿಲ್ಲ, ಇವಳು ಅವನನ್ನು ಗುರುತಿಸಿದಳು. ತಾನೀಗ ಕ್ರಿಸ್ತನನ್ನು ನಂಬಿದ್ದೇನೆ, ನಿಮ್ಮ ಬಾಯಿಂದಲೂ ಕ್ಷಮೆಯ ಮಾತು ಬೇಕು ಎಂದ. ಆಗತಾನೇ ಕ್ಷಮೆಯ ಮೇಲೆ ಭಾಷಣ ಮಾಡಿದವಳಿಗೆ ಕೈ ಏಳಲಿಲ್ಲ. ಮನಸ್ಸಿನಲ್ಲಿ ಪ್ರಾರ್ಥಿಸಿದಳು: ಕೈ ಎತ್ತುವಷ್ಟು ನನ್ನಿಂದಾಗುತ್ತದೆ, ಮಿಕ್ಕದ್ದು ನೀನು ಕೊಡಬೇಕು ಎಂಬ ಭಾವದಿಂದ. ಮರದ ಕೈಯಂತೆ ಕೈ ಚಾಚಿದಳು. ಕೈಗೆ ಕೈ ತಾಗಿದ ಮೇಲೆಯೇ ಒಳಗೆ ಬೆಚ್ಚಗಾಯಿತೆಂದು ಬರೆದಿದ್ದಾಳೆ.

ಅಷ್ಟು ದೊಡ್ಡದನ್ನು ಕ್ಷಮಿಸಿದವಳಿಗೆ ಮುಂದೆ ಸ್ನೇಹಿತರು ಮಾಡಿದ ಯಾವುದೋ ನೋವನ್ನು ಮರೆಯಲಾಗದೆ ರಾತ್ರಿ ನಿದ್ದೆ ಕೆಟ್ಟಿತಂತೆ. ಆಗ ಒಬ್ಬ ಸಭಾಪಾಲಕರು ಚರ್ಚಿನ ಗಂಟೆ ತೋರಿಸಿ ಹೇಳಿದರಂತೆ: ಹಗ್ಗ ಬಿಟ್ಟ ಮೇಲೂ ಗಂಟೆ ಸ್ವಲ್ಪ ಹೊತ್ತು ಬಾರಿಸುತ್ತಲೇ ಇರುತ್ತದೆ, ಗಾಬರಿ ಬೇಡ. ಭಾನುವಾರ ನಮ್ಮ ದೇವಾಲಯದ ಹಗ್ಗ ಎಳೆಯಲು ಸರದಿಗೆ ಜಗಳವಾಡುವ ಮಕ್ಕಳಿಗೆ ಇದನ್ನು ಹೇಳಿದರೆ ಕೂಡಲೇ ಅರ್ಥವಾಗುತ್ತದೆ.

ಇಲ್ಲೊಂದು ಮಾತು ಹೇಳಲೇಬೇಕು, ವಿಶೇಷವಾಗಿ ಚಿಕ್ಕವರಿಗೆ. ಕ್ಷಮಿಸುವುದೆಂದರೆ ತಪ್ಪನ್ನು ಮುಚ್ಚಿಡುವುದಲ್ಲ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿದ್ದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನು ವಾಹನದೊಳಗೇ ಸುಟ್ಟು ಕೊಂದರು. ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆಂದರು. ಮಗಳೊಂದಿಗೆ ಬಾರಿಪದದಲ್ಲೇ ಉಳಿದು ಐದು ವರ್ಷ ಆ ಸೇವೆ ಮುಂದುವರಿಸಿದರು. ಆದರೂ ವಿಚಾರಣೆ ನಡೆಯಿತು, ಅಪರಾಧಿಗೆ ಶಿಕ್ಷೆಯೂ ಆಯಿತು. ಕ್ಷಮೆ ಅವರ ಕೆಲಸ, ನ್ಯಾಯ ಕೋರ್ಟಿನ ಕೆಲಸ. ಯಾರಾದರೂ ನಿಮಗೆ ಹೊಡೆದರೆ, ಹೆದರಿಸಿದರೆ, ಕೆಟ್ಟದಾಗಿ ನಡೆದುಕೊಂಡರೆ, ಪ್ರಾರ್ಥನೆ ಮಾಡಿ ಸುಮ್ಮನಿರು ಎಂದು ಯಾವ ದೊಡ್ಡವರು ಹೇಳಿದರೂ ಸುಮ್ಮನಿರಬೇಡಿ. ನಂಬಿಕೆಯ ಇನ್ನೊಬ್ಬರಿಗೆ ಹೇಳಿ.

ಮರುವರ್ಷ, 1994ರಲ್ಲಿ, ಈಸ್ಟರ್ ಬಂದದ್ದು ಏಪ್ರಿಲ್ 3ರಂದು. ಶನಿವಾರ ರಾತ್ರಿ ಪ್ರಾರ್ಥನೆ ಮುಗಿಯಿತು. ಊಟಕ್ಕೆ ಕೂರುವ ಬದಲು ಅಪ್ಪ ಅಂಗಿ ಹಾಕಿಕೊಂಡರು, ಟಾರ್ಚು ತೆಗೆದುಕೊಂಡರು. 'ಎಲ್ಲಿಗೆ?' ಎಂದರು ಅಮ್ಮ. 'ಇಲ್ಲೇ' ಎಂದು ಗೇಟು ದಾಟಿದರು. ಟಾರ್ಚಿನ ಬೆಳಕು ರಸ್ತೆಯಲ್ಲಿ ಹೋಗಿ, ತಿರುವಿನಲ್ಲಿ ಎಡಕ್ಕೆ ತಿರುಗಿತು. ಎಡಕ್ಕೆ ಇದ್ದದ್ದು ಒಂದೇ ಮನೆ.

ಅಮ್ಮ ಅನ್ನದ ಪಾತ್ರೆ ಮುಚ್ಚಿಟ್ಟರು. ಅಜ್ಜಿ ಚಾಪೆಯಿಂದ ಏಳಲೇ ಇಲ್ಲ. ಎರಡು ಗಂಟೆ ಕಳೆದ ಮೇಲೆ ಟಾರ್ಚು ಮರಳಿ ಬಂತು. ತಿರುವಿನವರೆಗೆ ಎರಡು ಟಾರ್ಚು, ಆಮೇಲೆ ಒಂದು. ಅಲ್ಲಿ ಏನು ಮಾತಾಯಿತೆಂದು ಅಪ್ಪ ಸಾಯುವವರೆಗೂ ನಮಗೆ ಹೇಳಲಿಲ್ಲ. ಬಂದವರು 'ಊಟ ಆಗಿದೆ' ಎಂದರು. ಅಷ್ಟೇ. ಆಚೆಮನೆಯಲ್ಲಿ ಒಂಬತ್ತು ವರ್ಷಗಳಲ್ಲಿ ಅಪ್ಪ ಮಾಡಿದ ಮೊದಲ ಊಟ.

ಬೆಳಿಗ್ಗೆ ದೇವಾಲಯದಲ್ಲಿ ಅಪ್ಪ ಬೆಂಚಿನಿಂದ ಎದ್ದರು. ಮೊಣಕಾಲೂರಿದವರ ಸಾಲಿನಲ್ಲಿ ಚಿಕ್ಕಪ್ಪನ ಪಕ್ಕದ ಜಾಗ ಖಾಲಿ ಇರಲಿಲ್ಲ. ಸಾಲಿನ ಕೊನೆಯಲ್ಲಿ ಊರಿದರು. ದೃಶ್ಯ ಇನ್ನೂ ಚೆನ್ನಾಗಿರಬಹುದಿತ್ತೆಂದು ನನಗೆ ಆಗ ಅನಿಸಿತ್ತು. ಹೊರಗೆ ಬಂದಾಗ ಚಿಕ್ಕಪ್ಪ ಅಜ್ಜಿಯ ಕೈಹಿಡಿದು ಮೆಟ್ಟಲು ಇಳಿಸುತ್ತಿದ್ದರು. ನಡುವೆ ನಿಂತು ನನಗೆ, 'ಒಂಬತ್ತು ವರ್ಷ ಆ ರೊಟ್ಟಿ ನನಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಮಗಾ' ಎಂದರು.

ದಾವೆ ರಾಜಿಯಲ್ಲಿ ಮುಗಿಯಿತು. ಗೋಡೆಯನ್ನು ಕೆಡವಲಿಲ್ಲ, ಒಂದು ಬಾಗಿಲಿನಷ್ಟು ಅಗಲಕ್ಕೆ ಕಲ್ಲು ತೆಗೆದರು. ಅಮ್ಮ ಮತ್ತು ಚಿಕ್ಕಮ್ಮ ನಕ್ಕು ಮಾತಾಡಲು ಇನ್ನೂ ನಾಲ್ಕೈದು ವರ್ಷ ಬೇಕಾಯಿತು. ಗಂಡಸರು ಕೈಕುಲುಕಿದರೆ ಹೆಂಗಸರದ್ದೂ ಸರಿಹೋಯಿತೆಂದು ತಿಳಿಯುವುದು ಗಂಡಸರು ಮಾತ್ರ.

ಈಸ್ಟರಿನ ರಾತ್ರಿ ಅಜ್ಜಿ ಬೇಗ ಮುಗಿಸುತ್ತಾರೆಂದುಕೊಂಡಿದ್ದೆ. ಪಟ್ಟಿ ಅಷ್ಟೇ ಉದ್ದ ಇತ್ತು. ಚಾಪೆ ಮಡಚುವಾಗ ಕೇಳಿದೆ: 'ಎಲ್ಲ ಸರಿಯಾಯಿತಲ್ಲ ಅಜ್ಜಿ, ಇನ್ನೇನು ಕೇಳುವುದು?'

'ದೊಡ್ಡವರದ್ದು ಆಯಿತು. ಮಕ್ಕಳದ್ದು ಇದೆಯಲ್ಲ' ಎಂದರು. ನನ್ನ ಮುಖ ನೋಡಲಿಲ್ಲ.

ನನಗಾಗ ಹದಿನೇಳು. ಎರಡು ವಾರ ತಿರುಗಾಡಿದೆ. ಒಂದು ಸಂಜೆ ಗೋಡೆಯ ಸಂದಿನಿಂದ ಆಚೆ ಹೋದೆ. ಚಿಕ್ಕಪ್ಪನ ಮಗ ಹಸುವಿಗೆ ಹುಲ್ಲು ಹಾಕುತ್ತಿದ್ದ. ಪೀಠಿಕೆ ಏನೂ ತೋಚಲಿಲ್ಲ. 'ಐದನೆಯ ಕ್ಲಾಸಿನಲ್ಲಿ ನಿನ್ನ ಲೆಕ್ಕದ ಪುಸ್ತಕ ಗದ್ದೆಗೆ ಎಸೆದದ್ದು ನಾನು' ಎಂದೆ.

ಅವನು ಹುಲ್ಲು ಹಾಕುವುದನ್ನು ನಿಲ್ಲಿಸಲಿಲ್ಲ.

'ಗೊತ್ತು. ಪುಸ್ತಕ ಹುಡುಕಿಕೊಂಡು ತಿರುಗಿ ಬರುತ್ತಿದ್ದೆ. ನೀನು ಎಸೆಯುವುದು ಕಂಡಿತು.'

'ಮಾಸ್ಟ್ರಿಗೆ ಯಾಕೆ ಹೇಳಲಿಲ್ಲ?'

'ಹೇಳಿದರೆ ಮನೆಗೆ ಗೊತ್ತಾಗುತ್ತಿತ್ತು. ಮರದ ಜೊತೆ ಅದೂ ಒಂದು ಸೇರುತ್ತಿತ್ತು' ಎಂದ. ಆಮೇಲೆ ಹುಲ್ಲಿನ ಅರ್ಧ ಕಟ್ಟು ನನ್ನ ಕಡೆ ತಳ್ಳಿ, 'ಆ ಕರುವಿಗೆ ಹಾಕು' ಎಂದ.